ಇಟ್ಟಿಗೆ ಬಣ್ಣದ ಟೈಲ್ಸ್ ಅಂಟಿಸಿದರೆ ಜಾರ್ಜಿಯನ್ ಮನೆ ಆಗಲ್ಲ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಪತ್ರಿಕೆಯಲ್ಲಿ ಚಿಕ್ಕಮಗಳೂರಿನ ಹೊರವಲಯದ ವಿಲ್ಲಾ ಲೇಔಟೊಂದರ ಜಾಹೀರಾತು ಇಡೀ ಪುಟ ಬಂದಿತ್ತು. ಲಂಡನ್ನಿನ ಜಾರ್ಜಿಯನ್ ಟೌನ್‌ಹೌಸನ್ನೇ ಕಾಫಿ ನಾಡಿಗೆ ತಂದಿದ್ದೇವೆ ಅನ್ನೋ ಧಾಟಿಯಲ್ಲಿತ್ತು. ಚಿತ್ರ ನೋಡಿದೆ. ಮುಂದೆ ನಾಲ್ಕು ದುಂಡು ಕಂಬ, ಅದರ ಮೇಲೆ ತ್ರಿಕೋನದ ಕಿರೀಟ, ಬಾಲ್ಕನಿಗೆ ಹೊಟ್ಟೆ ಉಬ್ಬಿದ ಸಿಮೆಂಟ್ ಕಂಬಿಗಳು, ಗೋಡೆ ತುಂಬ ಇಟ್ಟಿಗೆ ಬಣ್ಣದ ಟೈಲ್ಸ್. ಸಾಲದ್ದಕ್ಕೆ ಮೇಲೊಂದು ನೀಲಿ ಗಾಜಿನ ಗುಮ್ಮಟ. ಜಾಹೀರಾತಿಗೆ ಪತ್ರಿಕೆ ಹೊಣೆಯಲ್ಲ ಅಂತ ಸಣ್ಣಕ್ಷರದಲ್ಲಿ ಹಾಕಿರುತ್ತೀರಿ, ಗೊತ್ತು. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅದೇ ವಾರ ನಮ್ಮ ಪೇಟೆ ಬೀದಿಯ ನಿಜವಾದ ಹಳೇ ಇಟ್ಟಿಗೆ ಮನೆಯೊಂದಕ್ಕೆ ಜೆಸಿಬಿ ತರಿಸುವ ಮಾತು ನಡೆದಿದೆ. ಎರಡನ್ನೂ ಒಟ್ಟಿಗೆ ನೋಡಿ ಸುಮ್ನೆ ಕೂರೋಕಾಗಲಿಲ್ಲ.

ನಾನು ಕಟ್ಟಡದ ಕೆಲಸದಲ್ಲೇ ತಲೆ ನರೆಸಿಕೊಂಡವನು. ಮಗಳು ಲಂಡನ್ನಿನಲ್ಲಿದ್ದಾಳೆ. ಅಲ್ಲಿಗೆ ಹೋಗಿದ್ದಾಗ ಮಿಕ್ಕವರು ಅರಮನೆ, ಗಡಿಯಾರದ ಗೋಪುರ ಅಂತ ಸುತ್ತಿದರೆ ನಾನು ಗೋಡೆ ನೋಡುತ್ತಾ ನಿಂತುಬಿಡುತ್ತಿದ್ದೆ. ಅಳಿಯಂದಿರಿಗೆ ಮುಜುಗರ. ಕಂಡವರ ಮನೆ ಗೋಡೆಯನ್ನು ಅಷ್ಟು ಹೊತ್ತು ನೋಡಿದರೆ ಪೊಲೀಸರು ಬರ್ತಾರೆ ಮಾವ ಅನ್ನೋರು.

ಮೊದಲು ಈ ಜಾರ್ಜಿಯನ್ ಅಂದರೇನು ಅಂತ ಹೇಳಿಬಿಡುತ್ತೇನೆ. 1714ರಿಂದ 1830ರವರೆಗೆ ಇಂಗ್ಲೆಂಡನ್ನು ಒಬ್ಬರಾದ ಮೇಲೊಬ್ಬರಂತೆ ನಾಲ್ಕು ಜನ ಜಾರ್ಜ್ ದೊರೆಗಳು ಆಳಿದರು. ಆ ಕಾಲದ ಕಟ್ಟಡಗಳಿಗೆ ಆ ಹೆಸರು. ನಮ್ಮ ಕಡೆ ಲೆಕ್ಕದಲ್ಲಿ ಹೇಳುವುದಾದರೆ, ಸಕಲೇಶಪುರದ ಹತ್ತಿರ ಟಿಪ್ಪು 1792ರಲ್ಲಿ ಮಂಜರಾಬಾದ್ ಕೋಟೆ ಕಟ್ಟಿ ಮುಗಿಸಿದನಲ್ಲ, ಆಗ ಲಂಡನ್ನಿನ ಬೆಡ್‌ಫರ್ಡ್ ಸ್ಕ್ವೇರ್ ಮುಗಿದು ಇನ್ನೂ ಹತ್ತು ವರ್ಷ ಆಗಿರಲಿಲ್ಲ. ಇವತ್ತಿಗೂ ಆ ಚೌಕದ ನಾಲ್ಕೂ ಕಡೆ ಇಟ್ಟಿಗೆ ಮನೆಗಳು ಹಾಗೇ ನಿಂತಿವೆ.

ಅಂಥ ಒಂದು ಮಾಮೂಲಿ ಮನೆ ಮುಂದೆ ನಿಂತರೆ ಮೊದಲ ನೋಟಕ್ಕೆ ನೋಡೋಕೇನೂ ಇಲ್ಲ ಅನ್ನಿಸುತ್ತೆ. ಚಪ್ಪಟೆ ಇಟ್ಟಿಗೆ ಗೋಡೆ. ಅಡ್ಡಕ್ಕೆ ಎರಡೋ ಮೂರೋ ಕಿಟಕಿ. ಮೂರು ನಾಲ್ಕು ಅಂತಸ್ತು. ಬಾಗಿಲು ಒಂದು ಪಕ್ಕಕ್ಕೆ, ಬಾಗಿಲ ತಲೆಯ ಮೇಲೆ ಬೀಸಣಿಗೆ ಆಕಾರದ ಗಾಜು, ಒಳಗಿನ ಓಣಿಗೆ ಬೆಳಕು ಬೀಳಲಿ ಅಂತ. ಶ್ರೀಮಂತರ ಮನೆಯಾದರೆ ಬಾಗಿಲ ಆಚೀಚೆ ಎರಡು ಕಂಬ ಇರಬಹುದು, ಅಷ್ಟೆ. ಸಜ್ಜಾ ಇಲ್ಲ, ಸೂರು ಇಲ್ಲ, ಮಾಡು ಕಾಣಲ್ಲ. ಪಕ್ಕದ ಮನೆಗೂ ಇದಕ್ಕೂ ನಡುವೆ ಒಂದೇ ಗೋಡೆ. ಹೀಗೆ ಇಡೀ ಬೀದಿ.

ಸ್ವಲ್ಪ ಹೊತ್ತು ನಿಂತರೆ ಆಗ ಗೊತ್ತಾಗುತ್ತೆ. ನೆಲದ ಅಂತಸ್ತಿನ ಕಿಟಕಿ ಒಂದಳತೆ. ಅದರ ಮೇಲಿನದು ಎಲ್ಲಕ್ಕಿಂತ ಉದ್ದ, ಯಾಕಂದರೆ ಅತಿಥಿಗಳನ್ನು ಕೂರಿಸುವ ಹಜಾರ ಇದ್ದದ್ದು ಆ ಅಂತಸ್ತಿನಲ್ಲಿ. ಅದರ ಮೇಲಿನದು ಮಲಗುವ ಕೋಣೆಗಳು, ಕಿಟಕಿ ಗಿಡ್ಡ. ತೀರಾ ಮೇಲೆ ಆಳುಕಾಳು, ಮಕ್ಕಳು, ಅಲ್ಲಿ ಕಿಟಕಿ ಹೆಚ್ಚುಕಡಿಮೆ ಚೌಕ. ಅಗಲ ಮಾತ್ರ ಎಲ್ಲಕ್ಕೂ ಒಂದೇ, ಒಂದರ ಕೆಳಗೊಂದು ತೂಗುಗುಂಡು ಬಿಟ್ಟ ಹಾಗೆ ನೇರ. ಯಾವ ಗೋಡೆ ಎಷ್ಟು ಬಿಡಬೇಕು, ಎಷ್ಟು ತೆರೆಯಬೇಕು ಅನ್ನೋ ಅಳತೆಯಲ್ಲೇ ಅಂದ ಇದೆ. ಅಂಟಿಸಿದ್ದು ಯಾವುದೂ ಇಲ್ಲ.

ಒಳಗೂ ಹಾಗೇ ಸರಳ. ಅಂತಸ್ತಿಗೆ ಎರಡೇ ಕೋಣೆ, ಬೀದಿಗೊಂದು ಹಿಂದಕ್ಕೊಂದು, ಪಕ್ಕದಲ್ಲಿ ಮೆಟ್ಟಿಲು. ಅಡುಗೆಮನೆ ನೆಲದ ಕೆಳಗೆ. ಅದಕ್ಕೆ ಬೆಳಕು ಬರಲಿ ಅಂತ ಬೀದಿಗೂ ಮನೆಗೂ ನಡುವೆ ಒಂದು ಗುಂಡಿಯಂಥ ಜಾಗ, ಅದಕ್ಕೆ ಕಬ್ಬಿಣದ ಕಟಕಟೆ. ಫುಟ್‌ಪಾತಿನಲ್ಲಿ ದುಂಡಗಿನ ಕಬ್ಬಿಣದ ಮುಚ್ಚಳಗಳು ಕಾಣುತ್ತವೆ, ಅದನ್ನು ತೆಗೆದು ಕಲ್ಲಿದ್ದಲು ಕೆಳಗೆ ಸುರಿಯುತ್ತಿದ್ದರು. ನಮ್ಮ ಪೇಟೆ ಮನೆಗಳ ಲೆಕ್ಕವೂ ಇದೇ ಅಲ್ವಾ? ಬೀದಿಗೆ ಮುಖ ಮಾಡಿದ ಜಾಗ ದುಬಾರಿ, ಅದಕ್ಕೆ ಮನೆ ಕಿರಿದು. ಅವರು ಮೇಲಕ್ಕೆ ಹೋದರು. ನಾವು ಜಗಲಿ, ಪಡಸಾಲೆ, ನಡುಮನೆ, ಅಡುಗೆಮನೆ, ಹಿತ್ತಿಲು ಅಂತ ಹಿಂದಕ್ಕೆ ಹೋದೆವು.

ಈ ಸರಳತನವನ್ನು ಯಾವನೋ ಮಹಾನ್ ಕಲಾವಿದ ಕನಸು ಕಂಡು ತಂದಿದ್ದಲ್ಲ. ಬೆಂಕಿ ತಂದಿದ್ದು. 1666ರಲ್ಲಿ ಲಂಡನ್ನಿಗೆ ಬೆಂಕಿ ಬಿದ್ದು ಹದಿಮೂರು ಸಾವಿರಕ್ಕೂ ಜಾಸ್ತಿ ಮನೆ ಸುಟ್ಟುಹೋದವು. ಬಹುಪಾಲು ಮರದ ಮನೆಗಳೇ. ಮರುವರ್ಷವೇ ಕಾನೂನು ಬಂತು. ಹೊರಗೋಡೆ ಇಟ್ಟಿಗೆಯದೋ ಕಲ್ಲಿನದೋ ಇರಲೇಬೇಕು, ಬೀದಿಯ ದರ್ಜೆ ನೋಡಿಕೊಂಡು ಇಷ್ಟೇ ಅಂತಸ್ತು, ಇಷ್ಟೇ ದಪ್ಪದ ಗೋಡೆ. 1707ರಲ್ಲಿ ಇನ್ನೊಂದು: ಸೂರಿನ ಕೆಳಗೆ ಮರದ ಅಲಂಕಾರ ಬೇಡ, ಗೋಡೆಯನ್ನೇ ಮೇಲಕ್ಕೆ ಎಬ್ಬಿಸಿ ಪ್ಯಾರಾಪೆಟ್ ಮಾಡಿ, ಬೆಂಕಿ ಒಂದು ಮಾಡಿನಿಂದ ಇನ್ನೊಂದಕ್ಕೆ ಹಾರಬಾರದು. ಮಾಡು ಗೋಡೆಯ ಹಿಂದೆ ಅಡಗಿದ್ದು ಹೀಗೆ. 1709ರಲ್ಲಿ ಕಿಟಕಿಯ ಚೌಕಟ್ಟು ಗೋಡೆಯ ಮುಖದಿಂದ 4 ಅಂಗುಲ ಒಳಗಿರಬೇಕು ಅಂದರು. 1774ರ ಕಾನೂನು ಅದನ್ನೂ ಬಿಗಿ ಮಾಡಿ ಚೌಕಟ್ಟಿನ ಮರವನ್ನು ಇಟ್ಟಿಗೆಯ ಹಿಂದೆಯೇ ಬಚ್ಚಿಡಿಸಿತು. ಅದಕ್ಕೇ ಹೊಸ ಮನೆಯ ಕಿಟಕಿಗೂ ಹಳೆಯದಕ್ಕೂ ವ್ಯತ್ಯಾಸ ಕಣ್ಣಿಗೆ ಬೀಳುತ್ತೆ. ಹಳೆಯದರಲ್ಲಿ ಮರ ದಪ್ಪಗೆ ಮುಂದೆ ಕೂತಿರುತ್ತೆ, ಆಮೇಲಿನದರಲ್ಲಿ ತೆಳ್ಳಗೆ ನೆರಳಲ್ಲಿ ಒಳಗಿರುತ್ತೆ. ನೋಡಿ ಅಂದಾಜಿಗೆ ಕಾಲ ಹೇಳಬಹುದು.

ಅದೇ 1774ರ ಕಾನೂನು ಮನೆಗಳನ್ನು ನಾಲ್ಕು ದರ್ಜೆ ಮಾಡಿತು. 850 ಪೌಂಡಿಗೆ ಮೇಲ್ಪಟ್ಟ ದೊಡ್ಡ ಮನೆ ಒಂದನೇ ದರ್ಜೆ, 150 ಪೌಂಡಿನ ಒಳಗಿನ ಸಣ್ಣ ಮನೆ ನಾಲ್ಕನೇ ದರ್ಜೆ. ಪ್ರತಿ ದರ್ಜೆಗೂ ಗೋಡೆ ಎಷ್ಟು ದಪ್ಪ ಅಂತ ನಿಗದಿ. ಬಡವನ ಮನೆಗೂ ಗೋಡೆಯ ನಿಯಮ ಇತ್ತು ಅನ್ನೋದು ನನಗೆ ಇಷ್ಟವಾದ ವಿಷಯ. ನಮ್ಮಲ್ಲಿ ಬೈಲಾ ಇದೆ, ನಕ್ಷೆಗೆ ಸಹಿ ಬೀಳೋವರೆಗೆ ಇರುತ್ತೆ.

ಹಾಗಂತ ಆ ಕಾಲದ ಬಿಲ್ಡರ್‌ಗಳೆಲ್ಲ ಸತ್ಯಹರಿಶ್ಚಂದ್ರರು ಅಂದುಕೊಳ್ಳಬೇಡಿ. ಅವರೂ ನಮ್ಮ ಲೇಔಟ್ ಡೆವಲಪರ್‌ಗಳ ಅಣ್ಣಂದಿರೇ. ಜಮೀನು ದೊಡ್ಡ ಧಣಿಗಳದ್ದು, ಬಿಲ್ಡರ್‌ಗೆ ಸಿಗುತ್ತಿದ್ದದ್ದು ಗುತ್ತಿಗೆ, ಸಾಮಾನ್ಯವಾಗಿ 99 ವರ್ಷಕ್ಕೆ. ಆಮೇಲೆ ಕಟ್ಟಡ ಧಣಿಗೇ ವಾಪಸ್. ತೊಂಬತ್ತೊಂಬತ್ತು ವರ್ಷ ನಿಂತರೆ ಸಾಕು ಅಂತ ಕಟ್ಟಿದವರೂ ಇದ್ದರು. ಬೀದಿಗೆ ಕಾಣೋ ಮುಖಕ್ಕೆ ಒಳ್ಳೆ ಇಟ್ಟಿಗೆ, ಹಿಂದೆ ಅಗ್ಗದ ಅರೆಬೆಂದ ಇಟ್ಟಿಗೆ.

ಇಲ್ಲಿ ಒಂದು ಕೆಲಸಗಾರರ ಗುಟ್ಟು ಹೇಳಬೇಕು. ಆ ಮನೆಗಳ ಮುಂದಿನ ಗೋಡೆಯಲ್ಲಿ ಒಂದೊಂದು ವರಸೆಯಲ್ಲೂ ಒಂದು ಇಟ್ಟಿಗೆ ಉದ್ದಕ್ಕೆ, ಪಕ್ಕದ್ದು ಅಡ್ಡಕ್ಕೆ, ಮತ್ತೆ ಉದ್ದಕ್ಕೆ ಹೀಗೆ ಬರುತ್ತೆ. ಇದಕ್ಕೆ ಫ್ಲೆಮಿಶ್ ಬಾಂಡ್ ಅಂತಾರೆ. ಅಡ್ಡ ಇಟ್ಟಿಗೆಯ ತಲೆ ಮಾತ್ರ ಹೊರಗೆ ಕಾಣುತ್ತೆ, ಮೈ ಗೋಡೆಯೊಳಗೆ ಹೋಗಿ ಹಿಂದಿನ ಇಟ್ಟಿಗೆಯನ್ನು ಹಿಡಿದುಕೊಳ್ಳುತ್ತೆ. ಗೋಡೆಯನ್ನು ಒಂದಾಗಿ ಹಿಡಿಯೋದು ಅದೇ. ಒಳ್ಳೆ ಇಟ್ಟಿಗೆ ದುಬಾರಿ ಅಂತ ಕೆಲವರು ಅದನ್ನು ಎರಡು ತುಂಡು ಮಾಡಿ ಬರೀ ತಲೆ ತೋರಿಸಿದರು. ಹೊರಗಿನಿಂದ ನೋಡಿದರೆ ಬಾಂಡ್ ಸರಿಯಾಗಿದೆ, ಒಳಗೆ ಹಿಡಿತವೇ ಇಲ್ಲ. ಅಂಥ ಗೋಡೆಗಳು ಆಮೇಲೆ ಹೊಟ್ಟೆ ಬಿಟ್ಟುಕೊಂಡು ಬೀದಿ ಕಡೆ ವಾಲಿದವು. ಇವತ್ತಿಗೂ ಅಲ್ಲಿನ ಇಂಜಿನಿಯರ್‌ಗಳು ಹಳೇ ಮನೆ ಪರೀಕ್ಷೆ ಮಾಡುವಾಗ ಮೊದಲು ನೋಡೋದು ಇದನ್ನೇ. ಮೋಸ ಅಂದಿನಿಂದಲೂ ಇದೆ, ಆದರೆ ಮೋಸ ಮಾಡೋಕೂ ಅವರಿಗೆ ಬಾಂಡ್ ಗೊತ್ತಿರಬೇಕಿತ್ತು. ನಿಮ್ಮ ಜಾಹೀರಾತಿನ ಟೈಲ್ಸ್ ಗೋಡೆಯಲ್ಲಿ ಎಲ್ಲ ಉದ್ದ ಇಟ್ಟಿಗೆಯೇ, ಒಂದು ತಲೆಯೂ ಇಲ್ಲ. ಮೂಲೆಯಲ್ಲಿ ಟೈಲ್ಸ್ ಸಾಲು ತಿರುಗಿದ ಕಡೆ ತೆಳ್ಳನೆ ಅಂಚು ಚಿತ್ರದಲ್ಲೇ ಕಾಣುತ್ತೆ.

ಕಿಟಕಿಯ ತಲೆ ಮೇಲಿನ ಇಟ್ಟಿಗೆ ಕೆಲಸವನ್ನಂತೂ ನಾನು ಮರೆಯೋದೇ ಇಲ್ಲ. ಅಲ್ಲಿ ಕೆಂಪನೆ ಮೆತ್ತನೆ ಇಟ್ಟಿಗೆ ಬಳಸುತ್ತಿದ್ದರು. ಒಂದೊಂದನ್ನೂ ಕೊಯ್ದು, ಕಲ್ಲಿನ ಮೇಲೆ ಉಜ್ಜಿ, ಬುಡ ಸಣ್ಣ ತಲೆ ಅಗಲ ಬರುವ ಹಾಗೆ ಮಾಡಿ, ಬರೀ ಸೋಸಿದ ಸುಣ್ಣದಲ್ಲಿ ಕೂರಿಸಿರುತ್ತಾರೆ. ಎರಡು ಇಟ್ಟಿಗೆ ನಡುವೆ ಬೆಳ್ಳಿ ತಂತಿಯಷ್ಟು ತೆಳ್ಳಗಿನ ಬಿಳಿ ಗೆರೆ. ಬೆರಳು ಆಡಿಸಿದರೆ ಸಂದು ಕೈಗೇ ಸಿಗಲ್ಲ. ಕಬ್ಬಿಣ ಇಲ್ಲ, ಲಿಂಟಲ್ ಕಾಣಲ್ಲ, ಎರಡು ನೂರು ವರ್ಷದಿಂದ ಆ ಇಟ್ಟಿಗೆಗಳು ಒಂದನ್ನೊಂದು ಒತ್ತಿಕೊಂಡು ಕೂತಿವೆ. ಇಂಥ ಕೆಲಸಕ್ಕೆ ದುಡ್ಡಿಲ್ಲದವರು ಸೊಟ್ಟಪಟ್ಟ ಇಟ್ಟಿಗೆ ಕಟ್ಟಿ, ಸಂದಿಗೆ ಇಟ್ಟಿಗೆ ಬಣ್ಣದ ಗಾರೆ ತುಂಬಿ, ಅದರ ಮೇಲೆ ಬಿಳಿ ಸುಣ್ಣದ ಸಣ್ಣ ಗೆರೆ ಎಳೆದು ಮೇಲ್ದರ್ಜೆಯ ಕೆಲಸದ ಹಾಗೆ ತೋರಿಸುತ್ತಿದ್ದರು. ಅದೂ ಒಂದು ವಿದ್ಯೆಯೇ.

ತೆರಿಗೆಯ ಕಥೆಯೂ ಉಂಟು. 1696ರಿಂದ 1851ರವರೆಗೆ ಕಿಟಕಿ ಎಣಿಸಿ ತೆರಿಗೆ ಹಾಕುತ್ತಿದ್ದರು, ಕೆಲವರು ಕಿಟಕಿಗೇ ಇಟ್ಟಿಗೆ ತುಂಬಿಸಿದರು. ಹಾಗಂತ ಮುಚ್ಚಿದ ಕಿಟಕಿಯೆಲ್ಲ ತೆರಿಗೆ ತಪ್ಪಿಸಿದ್ದಲ್ಲ. ಒಳಗೆ ಒಲೆಗೂಡೋ ಅಡ್ಡಗೋಡೆಯೋ ಬಂದ ಕಡೆ ಹೊರಗಿನ ಸಾಲು ಕೆಡದಿರಲಿ ಅಂತ ಮೊದಲಿನಿಂದಲೇ ಕುರುಡು ಕಿಟಕಿ ಕಟ್ಟಿದ್ದೂ ಇದೆ. 1784ರಲ್ಲಿ ಇಟ್ಟಿಗೆಗೂ ತೆರಿಗೆ ಬಿತ್ತು, ಅಮೆರಿಕದಲ್ಲಿ ಸೋತ ಯುದ್ಧದ ಸಾಲ ತೀರಿಸೋಕೆ. ಸಾವಿರಕ್ಕೆ ಇಷ್ಟು ಅಂತ ಲೆಕ್ಕ. ಜನ ಸುಮ್ನಿರ್ತಾರಾ? ಇಟ್ಟಿಗೆಯನ್ನೇ ದೊಡ್ಡದು ಮಾಡಿದರು. ಆಮೇಲೆ ದೊಡ್ಡ ಇಟ್ಟಿಗೆಗೆ ತೆರಿಗೆ ಏರಿಸಿದರು. 1850ರಲ್ಲಿ ಅದೂ ಹೋಯಿತು.

ಇನ್ನು ಬಣ್ಣ. ಇಟ್ಟಿಗೆ ಅಂದರೆ ಕೆಂಪು ಅಂತ ನಮ್ಮ ಜಾಹೀರಾತಿನವರು ತೀರ್ಮಾನ ಮಾಡಿಬಿಟ್ಟಿದ್ದಾರೆ. ಲಂಡನ್ನಿನ ಜಾರ್ಜಿಯನ್ ಮನೆಗಳಲ್ಲಿ ಬಹಳಷ್ಟು ಹಳದಿ ಮಿಶ್ರಿತ ಕಂದು ಬಣ್ಣದವು. ಅಲ್ಲಿನ ಜೇಡಿಮಣ್ಣಿಗೆ ಸೀಮೆಸುಣ್ಣದ ಕಲ್ಲನ್ನೂ ಮನೆಗಳಿಂದ ಬಂದ ಒಲೆಯ ಬೂದಿಯನ್ನೂ ಜರಡಿ ಹಿಡಿದು ಸೇರಿಸುತ್ತಿದ್ದರು, ಬೂದಿಯಲ್ಲಿ ಉಳಿದ ಕಲ್ಲಿದ್ದಲ ಚೂರು ಇಟ್ಟಿಗೆಯನ್ನು ಒಳಗಿನಿಂದಲೇ ಬೇಯಿಸುತ್ತಿತ್ತು. ಊರಿನ ಕಸವೇ ಊರಿನ ಗೋಡೆಯಾಯಿತು. ಅಲ್ಲಿನ ಪ್ರಧಾನಿ ಇರುವ 10 ಡೌನಿಂಗ್ ಸ್ಟ್ರೀಟ್ ಜಾರ್ಜಿಯನ್ ಕಾಲಕ್ಕಿಂತ ಸ್ವಲ್ಪ ಹಿಂದೆ ಕಟ್ಟಿ ಆ ಕಾಲದಲ್ಲಿ ತಿದ್ದಿದ ಮನೆ. ಟಿವಿಯಲ್ಲಿ ಕಪ್ಪು ಗೋಡೆ ಕಾಣುತ್ತಲ್ಲ, ಅದರ ನಿಜವಾದ ಬಣ್ಣವೂ ಹಳದಿಯೇ. ಹೊಗೆ ಹಿಡಿದು ಕಪ್ಪಾಗಿತ್ತು. 1960ರ ದಶಕದ ಆರಂಭದಲ್ಲಿ ರಿಪೇರಿ ಮಾಡಿ ತೊಳೆದಾಗ ಹಳದಿ ಕಂಡಿತು. ಜನರಿಗೆ ಕಪ್ಪೇ ಅಭ್ಯಾಸ ಅಂತ ಆಮೇಲೆ ಕಪ್ಪು ಬಣ್ಣ ಬಳಿದರು. ಬಣ್ಣ ಬಳಿಯೋ ಚಟ ನಮ್ಮವರಿಗೆ ಮಾತ್ರ ಅಂದುಕೊಂಡಿದ್ದೆ.

ಈಗ ನನ್ನ ಅಸಲಿ ತಕರಾರಿಗೆ ಬರುತ್ತೇನೆ. ಅದು ಸುಣ್ಣದ್ದು.

ಮಗಳ ಮನೆಯಿಂದ ಸ್ವಲ್ಪ ದೂರದ ಬೀದಿಯಲ್ಲಿ ಒಂದು ಹಳೇ ಮನೆಗೆ ಸಾರವೆ ಕಟ್ಟಿದ್ದರು. ಒಬ್ಬ ಗಾರೆಯವನು ಸಣ್ಣ ಉಳಿ, ಸುತ್ತಿಗೆ ಹಿಡಿದು ಇಟ್ಟಿಗೆ ಸಂದಿಯಿಂದ ಬೂದು ಬಣ್ಣದ ಸಿಮೆಂಟ್ ಕೆತ್ತಿ ತೆಗೆಯುತ್ತಿದ್ದ. ಕಟಿಂಗ್ ಮೆಷಿನ್ ಇಲ್ಲ, ಕೈಯಲ್ಲೇ. ಇಟ್ಟಿಗೆಯ ಅಂಚು ಮುಕ್ಕಾಗಬಾರದು ಅಂತ. ಒಂದು ಸಂದಿ ಖಾಲಿ ಮಾಡಿ, ಬ್ರಷ್‌ನಲ್ಲಿ ಧೂಳು ಹೊಡೆದು, ನೀರು ಚಿಮುಕಿಸಿ, ಬೆಣ್ಣೆ ಹಾಗಿದ್ದ ಸುಣ್ಣದ ಗಾರೆ ತುಂಬಿ, ಅದರ ಮೇಲೆ ಒದ್ದೆ ಗೋಣಿಬಟ್ಟೆ ಇಳಿಬಿಟ್ಟ. ನಾನು ನಿಂತಿದ್ದು ನೋಡಿ ಅವನೇ ಮಾತಾಡಿಸಿದ. ಹಿಂದೆ ಯಾರೋ ಗಟ್ಟಿಯಾಗಲಿ ಅಂತ ಸಿಮೆಂಟ್ ಪಾಯಿಂಟಿಂಗ್ ಮಾಡಿದ್ದಾರೆ, ಅದರಿಂದ ಇಟ್ಟಿಗೆ ಹಾಳಾಗಿದೆ, ಈಗ ಎಲ್ಲ ತೆಗೆದು ಮತ್ತೆ ಸುಣ್ಣ ತುಂಬುತ್ತಿದ್ದೇವೆ ಅಂದ. ಕೆಲವು ಇಟ್ಟಿಗೆಯ ಮುಖ ಬಿಸ್ಕತ್ತಿನ ಪದರದ ಥರ ಎದ್ದು ಬಂದಿತ್ತು. ಸಿಮೆಂಟ್ ಮಾತ್ರ ಗಟ್ಟಿಯಾಗಿ ಹಾಗೇ ಇತ್ತು, ಅದರ ನಡುವೆ ಇಟ್ಟಿಗೆ ಗುಳಿ ಬಿದ್ದಿತ್ತು.

ಯಾಕೆ ಹೀಗೆ ಅಂದರೆ, ಗೋಡೆಯಲ್ಲಿ ಇಟ್ಟಿಗೆಗಿಂತ ಗಾರೆ ಮೆತ್ತಗಿರಬೇಕು. ಹಳೇ ಇಟ್ಟಿಗೆ ಮೆತ್ತನೆಯದು, ನೀರು ಕುಡಿಯುತ್ತೆ, ಬಿಸಿಲಿಗೆ ಬಿಡುತ್ತೆ. ಸುಣ್ಣದ ಸಂದಿ ಆ ತೇವವನ್ನು ಹೊರಗೆ ಬಿಡುತ್ತೆ. ಗೋಡೆ ಸ್ವಲ್ಪ ಅಲುಗಿದರೆ ಸುಣ್ಣವೂ ಹೊಂದಿಕೊಳ್ಳುತ್ತೆ, ಬಿರುಕು ಬಂದರೂ ಸಂದಿಯಲ್ಲೇ ಬರುತ್ತೆ, ಸಂದಿಯನ್ನು ಮತ್ತೆ ತುಂಬಬಹುದು. ಸಿಮೆಂಟ್ ಹಾಗಲ್ಲ. ಅದು ಗಟ್ಟಿ, ನೀರು ಬಿಡಲ್ಲ. ತೇವ ಹೊರಗೆ ಹೋಗೋಕೆ ಸಂದಿ ಮುಚ್ಚಿದೆ ಅಂತ ಇಟ್ಟಿಗೆಯ ಮೂಲಕವೇ ಹೋಗುತ್ತೆ, ಹೋಗುವಾಗ ಉಪ್ಪನ್ನು ಮುಖಕ್ಕೆ ತಂದು ಬಿಡುತ್ತೆ, ಇಟ್ಟಿಗೆ ಪುಡಿಪುಡಿ. ಮಳೆಯಲ್ಲಿ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ತೋಟದ ಕೆಲಸ ಮಾಡಿದವರಿಗೆ ಗೊತ್ತು, ಮಳೆಗೆ ನೆನೆಯದಿದ್ದರೂ ಬೆವರಿಗೆ ಒಳಗೆಲ್ಲ ತೊಪ್ಪೆ ಆಗಿರುತ್ತೆ. ಈಗ ನಾವು ಬಳಸೋ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಪೇಟೆಂಟ್ ಪಡೆದಿದ್ದೇ 1824ರಲ್ಲಿ. ಅಂದರೆ ಜಾರ್ಜಿಯನ್ ಕಾಲ ಮುಗಿಯೋಕೆ ಬಂದಿತ್ತು. ಆ ಮನೆಗಳೆಲ್ಲ ಸುಣ್ಣದವು.

ನಮ್ಮ ಮನೆಗಳೂ ಸುಣ್ಣದವೇ. ಹಾಸನ, ಚಿಕ್ಕಮಗಳೂರು, ಬೇಲೂರು, ಸಕಲೇಶಪುರ, ಯಾವ ಹಳೇ ಪೇಟೆಗೆ ಹೋದರೂ ಸಣ್ಣ ನಾಡ ಇಟ್ಟಿಗೆ, ಗಾರೆ, ಮೇಲೆ ಮಂಗಳೂರು ಹೆಂಚು. ಸುಣ್ಣ ಅರಳಿಸಿ, ನೀರಲ್ಲಿ ದಿನಗಟ್ಟಲೆ ನೆನೆಹಾಕಿ, ಮರಳು ಇಟ್ಟಿಗೆ ಪುಡಿ ಸೇರಿಸಿ, ಎತ್ತು ಕಟ್ಟಿ ಗಾಣದಲ್ಲಿ ಅರೆಯುತ್ತಿದ್ದರು. ಬೆಲ್ಲದ ನೀರು, ಅಳಲೆಕಾಯಿ ನೀರು ಹಾಕುತ್ತಿದ್ದರು ಅಂತ ಹಿರಿಯ ಮೇಸ್ತ್ರಿಗಳು ಹೇಳೋದು ಕೇಳಿದ್ದೇನೆ. ನಂಬಿಕೆ ಬರದಿದ್ದರೆ ಗೊರೂರು ಹಿನ್ನೀರಿನ ಶೆಟ್ಟಿಹಳ್ಳಿ ಚರ್ಚ್ ನೋಡಿ ಬನ್ನಿ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ್ದು. ಹೇಮಾವತಿ ಅಣೆಕಟ್ಟು ಬಂದ ಮೇಲೆ ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಏಳುತ್ತೆ. ಮಾಡಿಲ್ಲ, ಯಾರೂ ನೋಡಿಕೊಳ್ಳೋರಿಲ್ಲ, ಸ್ವಲ್ಪ ಸ್ವಲ್ಪವೇ ಉದುರುತ್ತಿದೆ, ಆದರೂ ಕಮಾನುಗಳು ಇಷ್ಟು ವರ್ಷ ನಿಂತವು. ಅಲ್ಲಿ ಫೋಟೊ ಶೂಟಿಗೆ ಹೋಗುವವರು ಒಂದು ನಿಮಿಷ ಆ ಸಂದಿ ಮುಟ್ಟಿ ನೋಡಿ.

ನಮ್ಮ ಬೀದಿಯ ಮನೆಯ ವಿಷಯ ಹೇಳಿದೆನಲ್ಲ. ಒಂದೂವರೆ ಅಡಿ ದಪ್ಪದ ಗೋಡೆ, ಮುಂದೆ ಜಗಲಿ, ಕಬ್ಬಿಣದ ಸರಳಿನ ಸಾಲು ಕಿಟಕಿ, ಒಳಗೆ ತೊಟ್ಟಿ. ಕೆಲವು ವರ್ಷದ ಹಿಂದೆ ಯಾವನೋ ಗುತ್ತಿಗೆದಾರ ಗೋಡೆಯ ಬುಡದಲ್ಲಿ ತೇವ ಇದೆ ಅಂತ ಸೊಂಟದ ಎತ್ತರಕ್ಕೆ ಸಿಮೆಂಟ್ ಗಿಲಾವು ಮಾಡಿ, ಮೇಲೆ ಎನಾಮಲ್ ಪೇಂಟ್ ಹೊಡೆದುಹೋಗಿದ್ದಾನೆ. ನೆಲದಿಂದ ಏರಿದ ತೇವ ಅಲ್ಲಿ ಹೊರಗೆ ಹೋಗಲಾರದೆ ಇನ್ನೂ ಮೇಲೆ ಏರಿದೆ. ಈಗ ಸಿಮೆಂಟ್ ಮುಗಿದ ಕಡೆಯಿಂದ ಒಂದು ಮೊಳ ಮೇಲಿನವರೆಗೆ ಇಟ್ಟಿಗೆ ಉದುರುತ್ತಿದೆ, ಗುಡಿಸಿದಷ್ಟೂ ಕೆಂಪು ಪುಡಿ. ಹೊಸ ಗುತ್ತಿಗೆದಾರ ಬಂದು ನೋಡಿ ಗೋಡೆ ಸತ್ತಿದೆ, ಒಡೆಯೋದೇ ವಾಸಿ ಅಂದಿದ್ದಾನೆ. ನಾನು ಹೋಗಿ ಒಂದು ಕಡೆ ಕರಣೆಯಲ್ಲಿ ಕೆರೆದೆ. ಸಿಮೆಂಟ್ ಹಲಗೆ ಥರ ಎದ್ದು ಬಂತು. ಹಿಂದೆ ಗಾರೆ ಒದ್ದೆಯಾಗಿತ್ತು, ಆದರೆ ಗಟ್ಟಿ, ಮೊಳೆ ಹೊಡೆದರೆ ಮೊಳೆ ಬಾಗಿತು. ತೀರಾ ಮೇಲಿನ ಗೋಡೆಯಂತೂ ಒಂದು ಕೂದಲೆಳೆ ಬಿರುಕಿಲ್ಲ. ಸತ್ತಿರೋದು ಒಂದು ಮೊಳ, ಒಡೆಯೋಕೆ ಹೊರಟಿರೋದು ಇಡೀ ಮನೆ. ಮನೆಯವರನ್ನು ನಾನು ಬೈಯಲ್ಲ. ಅಣ್ಣತಮ್ಮಂದಿರ ಪಾಲಿನ ಜಾಗ, ಬಾಡಿಗೆ ಬರಲ್ಲ, ಹೆಂಚು ತಿರುಗಿಸೋಕೆ ಪ್ರತಿ ವರ್ಷ ಆಳು ಹುಡುಕಬೇಕು. ಅವರ ಕಷ್ಟ ಅವರಿಗೆ.

ನನಗೆ ಬೇಜಾರಾಗೋದು, ಇದನ್ನು ಒಡೆದು ಅದೇ ಜಾಗದಲ್ಲಿ ಬ್ರಿಟಿಷ್ ಶೈಲಿಯ ಲಾಡ್ಜ್ ಕಟ್ಟುತ್ತಾರಂತೆ! ಟೈಲ್ಸ್ ಇಟ್ಟಿಗೆ, ಪ್ಯಾರಾಪೆಟ್, ಚಪ್ಪಟೆ ಮುಖ.

ಅದೂ ಮಲೆನಾಡಿನಲ್ಲಿ ಚಪ್ಪಟೆ ಮುಖ! ಲಂಡನ್ನಿನಲ್ಲಿ ವರ್ಷವಿಡೀ ಬೀಳೋ ಮಳೆ ಸುಮಾರು 600 ಮಿಲಿಮೀಟರ್. ಮೂಡಿಗೆರೆ ದಾಟಿ ಕೊಟ್ಟಿಗೆಹಾರದ ಕಡೆ ಹೋದರೆ ಜುಲೈ ಒಂದೇ ತಿಂಗಳಲ್ಲಿ ಅದಕ್ಕಿಂತ ಜಾಸ್ತಿ ಬೀಳುತ್ತೆ. ಪ್ಯಾರಾಪೆಟ್ ಹಿಂದೆ ಮಾಡು ಅಡಗಿಸಿದ್ದರಿಂದ ಜಾರ್ಜಿಯನ್ ಮನೆಗಳಿಗೆ ಎರಡು ಇಳಿಜಾರಿನ ನಡುವೆ ಸೀಸದ ತಗಡಿನ ದೋಣಿ ಹಾಕಿರುತ್ತಾರೆ. ಎಲೆ ಕಟ್ಟಿ ನೀರು ನಿಂತರೆ ನೇರ ಮನೆಯೊಳಗೆ. ಅಲ್ಲಿನ ಸಣ್ಣ ಮಳೆಗೇ ಅದು ಅವರಿಗೆ ದೊಡ್ಡ ತಲೆನೋವು. ಇಲ್ಲಿ ಮುಂಗಾರಿಗೆ ಎದೆ ಕೊಟ್ಟು ನಿಲ್ಲೋ ಗೋಡೆ ಕಟ್ಟಿ, ಸೂರೂ ಇಲ್ಲದೆ, ಮೇಲೆ ದೋಣಿ ಬೇರೆ ಇಟ್ಟರೆ ಮೂರನೇ ಮಳೆಗಾಲಕ್ಕೆ ಒಳಗೋಡೆಯಲ್ಲಿ ಪಾಚಿ ಬೆಳೆಯುತ್ತೆ. ನಮ್ಮ ಹಿರಿಯರು ಎರಡಡಿ ಮೂರಡಿ ಸೂರು ಇಳಿಸಿದ್ದು ಜಂಬಕ್ಕಲ್ಲ. ಗೋಡೆಗೆ ಎರಚಲು ಬಡಿಯದಿರಲಿ ಅಂತ. ಇಲ್ಲಿಗೆ ಬಂದ ಇಂಗ್ಲಿಷ್ ಪ್ಲಾಂಟರ್‌ಗಳೂ ಎಸ್ಟೇಟ್ ಬಂಗಲೆಗೆ ಇಳಿಜಾರು ಹೆಂಚಿನ ಮಾಡು, ಸುತ್ತ ವರಾಂಡ ಮಾಡಿಕೊಂಡರೇ ಹೊರತು ಲಂಡನ್ನಿನ ಬೀದಿ ಮನೆ ತಂದು ನಿಲ್ಲಿಸಲಿಲ್ಲ. ಅವರಿಗಿದ್ದ ಬುದ್ಧಿ ನಮ್ಮ ಡೆವಲಪರ್‌ಗಳಿಗೆ ಯಾಕಿಲ್ಲವೋ.

ಅಲ್ಲಿ ಒಡೆದಿಲ್ಲ ಅಂತಲ್ಲ, ಬೇಕಾದಷ್ಟು ಒಡೆದಿದ್ದಾರೆ. ಐರ್ಲೆಂಡಿನ ಡಬ್ಲಿನ್‌ನಲ್ಲಿ 1960ರ ದಶಕದಲ್ಲಿ ಅಲ್ಲಿನ ವಿದ್ಯುತ್ ಮಂಡಳಿ ತನ್ನ ಆಫೀಸಿಗೋಸ್ಕರ ಫಿಟ್ಜ್‌ವಿಲಿಯಂ ಸ್ಟ್ರೀಟ್‌ನ 16 ಜಾರ್ಜಿಯನ್ ಮನೆಗಳನ್ನು ಸಾಲಾಗಿ ಕೆಡವಿತು, ಜನ ಎಷ್ಟು ಬಡಿದಾಡಿದರೂ ಕೇಳಲಿಲ್ಲ. ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ 1977ರಲ್ಲಿ ಕೆಲವರು ಒಡೆಯಲಿದ್ದ ಮನೆಗಳೊಳಗೇ ಹೋಗಿ ಕೂತು ಉಳಿಸಿಕೊಂಡರು. ಈಗ ಇಂಗ್ಲೆಂಡಿನಲ್ಲಿ 1700ರಿಂದ 1850ರ ನಡುವಿನ ಬಹುಪಾಲು ಕಟ್ಟಡಗಳು ಉಳಿಸಬೇಕಾದವು ಅಂತ ಸರ್ಕಾರದ ಪಟ್ಟಿಯಲ್ಲಿವೆ. ಯಾರದೋ ಸ್ವಂತ ಮನೆ, ಯಾರೋ ವಾಸ ಇದ್ದಾರೆ, ಮಾರಬಹುದು ಕೊಳ್ಳಬಹುದು. ಅನುಮತಿ ಇಲ್ಲದೆ ಅದರ ರೂಪ ಕೆಡಿಸಿದರೆ ಮಾತ್ರ ಅಪರಾಧ. ನಮ್ಮಲ್ಲಿ ಬೇಲೂರು, ಹಳೇಬೀಡು 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದವು, ಎಲ್ಲರೂ ಹೆಮ್ಮೆ ಪಟ್ಟೆವು. ಅದೇ ಬೇಲೂರಿನ ರಥಬೀದಿಯಿಂದ ನಾಲ್ಕು ಹೆಜ್ಜೆ ಒಳಗೆ ಹೋಗಿ ಒಬ್ಬ ಸಾಮಾನ್ಯನ ಹಳೇ ಮನೆಗೆ ಏನು ರಕ್ಷಣೆ ಇದೆ ಕೇಳಿ ನೋಡಿ.

ನಗರಸಭೆಯಿಂದ ನಾನು ದೊಡ್ಡದೇನೂ ಕೇಳುತ್ತಿಲ್ಲ. ಮನೆಯವರ ಕೈ ಕಟ್ಟಿಹಾಕಿ ಅಂತಲೂ ಹೇಳುತ್ತಿಲ್ಲ. ಪೇಟೆಯ ಹಳೇ ಬೀದಿಗಳಲ್ಲಿ ಗಾರೆ ಗೋಡೆಯ ಮನೆ ಎಷ್ಟಿವೆ ಅಂತ ಒಂದು ಪಟ್ಟಿ ಮಾಡಲಿ. ಒಡೆಯೋಕೆ ಅರ್ಜಿ ಬಂದರೆ ಸಹಿ ಹಾಕುವ ಮೊದಲು ಸುಣ್ಣದ ಕೆಲಸ ಗೊತ್ತಿರುವ ಒಬ್ಬರು ಹೋಗಿ ಗೋಡೆ ಕೆರೆದು ನೋಡಲಿ. ಉಳಿಸಿಕೊಳ್ಳುವವರಿಗೆ ಕಂದಾಯದಲ್ಲಿ ಸ್ವಲ್ಪ ಬಿಡಲಿ. ಸರ್ಕಾರಿ ಹಳೇ ಕಟ್ಟಡಗಳ ರಿಪೇರಿ ಟೆಂಡರ್‌ನಲ್ಲಾದರೂ ಸಿಮೆಂಟ್ ಗಿಲಾವು ಅಂತ ಕಣ್ಣುಮುಚ್ಚಿ ಬರೆಯೋದು ನಿಲ್ಲಲಿ. ಮೈಸೂರಿನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡ 2012ರಲ್ಲಿ ಕುಸಿದು ಜನ ಸತ್ತರು, 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಹಳೇ ಕಟ್ಟಡ ಅಪಾಯ ಅನ್ನೋದಕ್ಕೆ ಎಲ್ಲರೂ ಅದನ್ನೇ ಉದಾಹರಣೆ ಕೊಡುತ್ತಾರೆ. ನೋಡಿಕೊಳ್ಳದೆ ಬಿಟ್ಟ ಕಟ್ಟಡ ಅಪಾಯ. ಅದನ್ನು ಯಾರೂ ಹೇಳಲ್ಲ.

ಒಂದು ಆಕ್ಷೇಪಣೆ ಬಂದೇ ಬರುತ್ತೆ, ಸುಣ್ಣದ ಕೆಲಸ ದುಬಾರಿ, ನಿಧಾನ, ಮಾಡೋರಿಲ್ಲ ಅಂತ. ನಿಧಾನ ಹೌದು, ಸುಣ್ಣ ಗಾಳಿ ಕುಡಿದು ಗಟ್ಟಿಯಾಗಬೇಕು, ಒಂದು ಪದರ ಒಣಗದೆ ಇನ್ನೊಂದು ಹಾಕೋ ಹಾಗಿಲ್ಲ. ದುಬಾರಿಯೋ ಅಲ್ಲವೋ ಅನ್ನೋದು ಇಡೀ ಮನೆ ಒಡೆದು ಕಟ್ಟೋ ಖರ್ಚಿನ ಪಕ್ಕ ಇಟ್ಟು ನೋಡಬೇಕು. ಮಾಡೋರಿಲ್ಲ ಅನ್ನೋದು ಮಾತ್ರ ನಿಜವಾದ ಕಷ್ಟ. ನಮ್ಮ ಕಾಲದ ಮೇಸ್ತ್ರಿಗಳು ಹೋದರು, ಅವರ ಮಕ್ಕಳು ಟೈಲ್ಸ್ ಹಾಕುತ್ತಾರೆ.

ಅದಕ್ಕೇ ಈ ಪತ್ರ. ನಮ್ಮ ಬೀದಿಯ ಮನೆಯವರನ್ನು ಈ ಮಳೆಗಾಲ ಮುಗಿಯೋವರೆಗೆ ಕಾಯಿರಿ ಅಂತ ಒಪ್ಪಿಸಿದ್ದೇನೆ. ಸಿಮೆಂಟ್ ಪಟ್ಟಿ ಕಿತ್ತು, ಬುಡ ಒಣಗೋಕೆ ಬಿಟ್ಟು, ಸತ್ತ ಇಟ್ಟಿಗೆ ಬದಲಾಯಿಸಿ ಮತ್ತೆ ಗಾರೆ ತುಂಬಬೇಕು. ಕೂಲಿ ಕೊಡೋಕೆ ಅವರು ತಯಾರಿದ್ದಾರೆ, ಜೊತೆಗೆ ನಿಲ್ಲೋಕೆ ನಾನಿದ್ದೇನೆ. ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಕೈಯಲ್ಲಿ ಸುಣ್ಣದ ಗಾರೆ ಕೆಲಸ ಮಾಡಿ ಗೊತ್ತಿರುವ ಮೇಸ್ತ್ರಿಗಳು ಯಾರಾದರೂ ಇದ್ದರೆ, ಎಷ್ಟೇ ವಯಸ್ಸಾಗಿದ್ದರೂ ಪರವಾಗಿಲ್ಲ, ಕೂತು ಹೇಳಿಕೊಟ್ಟರೂ ಸಾಕು, ದಯವಿಟ್ಟು ಪತ್ರಿಕೆಯ ಚಿಕ್ಕಮಗಳೂರು ಕಚೇರಿಗೆ ತಿಳಿಸಿ. ಕಚೇರಿಯವರು ನನಗೆ ಮುಟ್ಟಿಸುತ್ತಾರೆ ಅಂತ ನಂಬಿದ್ದೇನೆ. ದಸರಾ ಕಳೆದ ಕೂಡಲೇ ಕೆಲಸ ಶುರು ಮಾಡಬೇಕು.

ಇಂತಿ,
ಒಬ್ಬ ನಿವೃತ್ತ ಕಟ್ಟಡ ಗುತ್ತಿಗೆದಾರ
ಚಿಕ್ಕಮಗಳೂರು